ಪೆಲ್ವಿಸ್ ಮುರಿದಾಗ ಹೊರಗೆ ರಾಡೋ, ಒಳಗೆ ಪ್ಲೇಟೋ? ತಿಳಿದು ಕೇಳುವುದು ಹೇಗೆ

ಪೆಲ್ವಿಸ್, ಅಂದರೆ ಸೊಂಟದ ಮೂಳೆಗಳ ಉಂಗುರ, ಮುರಿದು ಆಪರೇಷನ್‌ಗೆ ಸಹಿ ಹಾಕುವ ಹೊತ್ತಿಗೆ ಮನೆಯವರು ಕೇಳುವ ಪ್ರಶ್ನೆ ಹೆಚ್ಚೂಕಡಿಮೆ ಒಂದೇ: "ಡಾಕ್ಟ್ರೇ, ಹೊರಗಡೆ ರಾಡ್ ಹಾಕೋದು ಒಳ್ಳೇದಾ, ಒಳಗೆ ಪ್ಲೇಟ್ ಹಾಕೋದು ಒಳ್ಳೇದಾ?" ಇದಕ್ಕೆ ಒಂದೇ ಮಾತಿನ ಉತ್ತರ ಸಿಗದಿದ್ದರೆ ಡಾಕ್ಟರು ಜಾರಿಕೊಳ್ಳುತ್ತಿದ್ದಾರೆ ಅಂದುಕೊಳ್ಳಬೇಡಿ. ಮೂಳೆ ಎಲ್ಲಿ ಸಡಿಲವಾಗಿದೆ, ಈ ಹೊತ್ತಿಗೆ ರೋಗಿಯ ಮೈ ಎಷ್ಟು ತಡೆದುಕೊಳ್ಳುತ್ತದೆ, ಇವೆರಡು ಗೊತ್ತಾಗದೆ ಯಾವುದು ಮೇಲು ಅಂತ ಹೇಳಲು ಬರುವುದಿಲ್ಲ. ಎಷ್ಟೋ ಜನರಿಗೆ ಎರಡೂ ಬೇಕಾಗುತ್ತದೆ. ಮೊದಲು ಹೊರಗಿನದು, ಕೆಲವು ದಿನ ಬಿಟ್ಟು ಒಳಗಿನದು.

ಒಂದು ಮಾತು ಮೊದಲೇ. ಮುರಿದಿರುವುದು ತೊಡೆ ಮೂಳೆಯ ಮೇಲ್ಭಾಗವಾದರೆ ಈ ಲೇಖನ ನಿಮಗಲ್ಲ. ಅದರ ಚಿಕಿತ್ಸೆಯೇ ಬೇರೆ. ರಿಪೋರ್ಟಿನಲ್ಲಿ ಪೆಲ್ವಿಸ್, ಸೇಕ್ರಮ್, ಪ್ಯೂಬಿಕ್ ರೇಮಸ್, ಸಿಂಫಿಸಿಸ್ ಅಂತ ಇದ್ದರೆ ಮುಂದೆ ಓದಿ.

ಹೆಜ್ಜೆ 1: ಸಡಿಲ ಇರುವುದು ಮುಂದೋ, ಹಿಂದೋ?

ಪೆಲ್ವಿಸ್ ಅನ್ನುವುದು ಒಂದು ಉಂಗುರ. ಎಡಕ್ಕೊಂದು, ಬಲಕ್ಕೊಂದು ದೊಡ್ಡ ಮೂಳೆ. ಹಿಂದೆ ಬೆನ್ನುಮೂಳೆಯ ಬುಡದಲ್ಲಿ ತ್ರಿಕೋನದ ಹಾಗಿರುವ ಸೇಕ್ರಮ್. ಮುಂದೆ, ಮೂತ್ರಕೋಶದ ಎದುರಿಗೆ, ಎರಡೂ ಮೂಳೆಗಳು ಸೇರುವ ಜಾಗವೇ ಸಿಂಫಿಸಿಸ್. ಅದರ ಎರಡೂ ಪಕ್ಕದ ಮೂಳೆಯ ಕವಲುಗಳೇ ಪ್ಯೂಬಿಕ್ ರೇಮಸ್. ಹಿಂದೆ ಸೇಕ್ರಮ್‌ನ ಎರಡೂ ಬದಿಗೆ ಇರುವ ಕೀಲುಗಳನ್ನು ಎಸ್‌ಐ ಜಾಯಿಂಟ್ ಅನ್ನುತ್ತಾರೆ. ಗಾಜಿನ ಬಳೆಯನ್ನು ಒಂದೇ ಕಡೆ ಮುರಿಯಲು ಹೋಗಿ, ಆಗುವುದಿಲ್ಲ, ಎರಡು ಚೂರಾಗುತ್ತದೆ. ಇಲ್ಲೂ ಅಷ್ಟೇ. ಜೋರಾದ ಅಪಘಾತದಲ್ಲಿ ಮುಂದೆ ಒಂದು ಮುರಿತ ಕಂಡರೆ ಹಿಂದೆಯೂ ಒಂದು ಪೆಟ್ಟು ಇದ್ದೇ ಇರುತ್ತದೆ ಅಂತ ಹುಡುಕಬೇಕು.

ಈ ಉಂಗುರವನ್ನು ಬಿಗಿಯಾಗಿ ಹಿಡಿದಿರುವುದು ಮುಖ್ಯವಾಗಿ ಹಿಂಭಾಗದ ಲಿಗಮೆಂಟುಗಳು, ಅಂದರೆ ಮೂಳೆಗೆ ಮೂಳೆ ಕಟ್ಟುವ ಗಟ್ಟಿ ನಾರುಗಳು. ಮೈಭಾರ ಬೆನ್ನುಮೂಳೆಯಿಂದ ಕಾಲಿಗೆ ಇಳಿಯುವುದೂ ಹಿಂಭಾಗದಿಂದಲೇ. ಮುಂದಿನ ಮುರಿತ ಎಕ್ಸ್‌ರೇಯಲ್ಲಿ ಎದ್ದು ಕಾಣುತ್ತದೆ, ಎಲ್ಲರ ಕಣ್ಣೂ ಅಲ್ಲೇ ಬೀಳುತ್ತದೆ. ಆದರೆ ಆಪರೇಷನ್ ಯಾವುದು ಅಂತ ತೀರ್ಮಾನಿಸುವುದು ಬಹುಮಟ್ಟಿಗೆ ಹಿಂಭಾಗ.

ಡಾಕ್ಟರುಗಳ ಬಾಯಲ್ಲಿ ಟೈಲ್ ಎ, ಬಿ, ಸಿ ಅನ್ನುವ ಮಾತು ಬರುತ್ತದೆ. ಎ ಅಂದರೆ ಉಂಗುರ ಗಟ್ಟಿಯಾಗಿದೆ, ಸಾಮಾನ್ಯವಾಗಿ ಆಪರೇಷನ್ ಬೇಡ. ಬಿ ಅಂದರೆ ಅರ್ಧ ಪೆಲ್ವಿಸ್ ಬಾಗಿಲಿನ ಥರ ಒಳಕ್ಕೋ ಹೊರಕ್ಕೋ ತಿರುಗುತ್ತದೆ, ಆದರೆ ಮೇಲಕ್ಕೆ ಜರುಗುವುದಿಲ್ಲ. ಹಿಂದಿನ ಲಿಗಮೆಂಟು ಇನ್ನೂ ಸ್ವಲ್ಪ ಹಿಡಿದಿದೆ ಅಂತ ಅರ್ಥ. ಸಿ ಅಂದರೆ ಹಿಂಭಾಗವೂ ಪೂರ್ತಿ ಹೋಗಿದೆ. ಆ ಕಡೆಯ ಪೆಲ್ವಿಸ್ ಕಾಲಿನ ಸಮೇತ ಮೇಲಕ್ಕೂ ಸರಿಯಬಹುದು. ಅಸ್ಥಿರ ಮುರಿತ ಅನ್ನುವುದು ಬಿ ಮತ್ತು ಸಿಗೆ.

ಇನ್ನೊಂದು ವಿಂಗಡಣೆ ಪೆಟ್ಟು ಬಿದ್ದ ದಿಕ್ಕಿನ ಮೇಲೆ. ಪಕ್ಕದಿಂದ ಗುದ್ದಿದರೆ ಲ್ಯಾಟರಲ್ ಕಂಪ್ರೆಷನ್. ಮುಂದಿನಿಂದ ಹಿಂದಕ್ಕೆ ಒತ್ತಿ ಉಂಗುರ ಬಾಯ್ತೆರೆದರೆ ಓಪನ್ ಬುಕ್. ಎತ್ತರದಿಂದ ಬಿದ್ದು ಒಂದು ಕಡೆ ಮೇಲಕ್ಕೆ ಸರಿದರೆ ವರ್ಟಿಕಲ್ ಶಿಯರ್. ಓಪನ್ ಬುಕ್‌ನಲ್ಲಿ ಸಿಂಫಿಸಿಸ್‌ನ ಸಂದು 2.5 ಸೆಂಟಿಮೀಟರ್ ದಾಟಿದ್ದರೆ ಹಿಂದಿನ ಲಿಗಮೆಂಟುಗಳೂ ಕೆಲವು ಹರಿದಿವೆ ಅಂತ ಸಾಮಾನ್ಯವಾಗಿ ಎಣಿಸುತ್ತಾರೆ.

ಇದನ್ನೆಲ್ಲ ನೋಡಲು ಒಂದು ಎಕ್ಸ್‌ರೇ ಸಾಲದು. ಇನ್‌ಲೆಟ್, ಔಟ್‌ಲೆಟ್ ಅನ್ನುವ ಎರಡು ಓರೆ ಎಕ್ಸ್‌ರೇ ತೆಗೆಯುತ್ತಾರೆ, ಹಿಂಭಾಗ ಸರಿಯಾಗಿ ಕಾಣಲು ಸಿಟಿ ಸ್ಕ್ಯಾನ್ ಮಾಡುತ್ತಾರೆ. ಇಲ್ಲೊಂದು ಮೋಸ ಇದೆ. ಸೊಂಟಕ್ಕೆ ಬೈಂಡರ್ ಅನ್ನುವ ಬಿಗಿ ಪಟ್ಟಿ ಕಟ್ಟಿರುವಾಗ ಸ್ಕ್ಯಾನ್ ತೆಗೆದರೆ ಬಾಯ್ತೆರೆದ ಪೆಲ್ವಿಸ್ ಕೂಡ ಮುಚ್ಚಿಕೊಂಡು, ಏನೂ ಆಗದ ಹಾಗೆ ಕಾಣಬಹುದು. ಅದಕ್ಕೇ ರೋಗಿ ಸುಧಾರಿಸಿದ ಮೇಲೆ ಬೈಂಡರ್ ಸಡಿಲಿಸಿ ಇನ್ನೊಮ್ಮೆ ಎಕ್ಸ್‌ರೇ ತೆಗೆಯುವುದುಂಟು. ಅನುಮಾನ ಉಳಿದರೆ ಅರಿವಳಿಕೆ ಕೊಟ್ಟು, ಸಿ-ಆರ್ಮ್ ಅನ್ನುವ ಎಕ್ಸ್‌ರೇ ಯಂತ್ರದಲ್ಲಿ ನೋಡುತ್ತಾ ಕೈಯಿಂದ ಒತ್ತಿ ಎಷ್ಟು ಅಲ್ಲಾಡುತ್ತದೆ ಅಂತ ಪರೀಕ್ಷಿಸುತ್ತಾರೆ.

ಹೆಜ್ಜೆ 2: ರಕ್ತ ನಿಂತಿದೆಯಾ ಅಂತ ಕೇಳಿ

ಅಸ್ಥಿರ ಪೆಲ್ವಿಸ್ ಮುರಿತದಲ್ಲಿ ಮೊದಲ ಗಂಟೆಗಳ ದೊಡ್ಡ ಭಯ ಮೂಳೆಯದಲ್ಲ, ರಕ್ತದ್ದು. ಹಿಂಭಾಗದಲ್ಲಿ ಸಿರೆಗಳ ದೊಡ್ಡ ಜಾಲ ಇದೆ. ಹೆಚ್ಚಿನ ರಕ್ತ ಸೋರುವುದು ಆ ಸಿರೆಗಳಿಂದ ಮತ್ತು ಮುರಿದ ಮೂಳೆಯ ತುದಿಗಳಿಂದ. ಕೆಲವರಲ್ಲಿ ಅಪಧಮನಿಯೂ ಹರಿದಿರುತ್ತದೆ. ಒಳಗೇ ಸೋರುವುದರಿಂದ ಹೊರಗೆ ಒಂದು ಹನಿ ರಕ್ತವೂ ಕಾಣದೆ ಇರಬಹುದು.

ಮೊದಲ ಚಿಕಿತ್ಸೆ ಬೈಂಡರ್. ಅಗಲದ ಪಟ್ಟಿ, ಅಷ್ಟೇ. ಆದರೆ ಕಟ್ಟುವ ಜಾಗ ಮುಖ್ಯ. ಜನ ಸಹಜವಾಗಿ ಬೆಲ್ಟ್ ಕಟ್ಟುವ ಎತ್ತರಕ್ಕೆ ಕಟ್ಟುತ್ತಾರೆ, ಅದು ತಪ್ಪು. ತೊಡೆಯ ಹೊರಬದಿಯಲ್ಲಿ ಮೇಲ್ಗಡೆ ಕೈಯಿಟ್ಟರೆ ಒಂದು ಗಟ್ಟಿ ಉಬ್ಬು ಸಿಗುತ್ತದಲ್ಲ, ಪಟ್ಟಿ ಆ ಮಟ್ಟಕ್ಕೆ ಬರಬೇಕು. ಮೊಣಕಾಲುಗಳನ್ನು ಸ್ವಲ್ಪ ಒಳಕ್ಕೆ ತಿರುಗಿಸಿ ಜೋಡಿಸಿ ಕಟ್ಟಿದರೆ ಇನ್ನೂ ಚೆನ್ನಾಗಿ ಮುಚ್ಚಿಕೊಳ್ಳುತ್ತದೆ. ಬೈಂಡರ್ ತಾತ್ಕಾಲಿಕ. ಜಾಸ್ತಿ ಹೊತ್ತು ಬಿಟ್ಟರೆ ಚರ್ಮ ಒತ್ತಿ ಹುಣ್ಣಾಗುತ್ತದೆ. ಅದಕ್ಕೇ 24 ಗಂಟೆಯೊಳಗೆ ಮುಂದಿನ ದಾರಿ ನೋಡಲು ಪ್ರಯತ್ನಿಸುತ್ತಾರೆ.

ಬೈಂಡರ್, ರಕ್ತ ಕೊಡುವುದು ಇಷ್ಟರಲ್ಲೂ ಬಿಪಿ ಏಳದಿದ್ದರೆ ಹೊಟ್ಟೆಯ ಕೆಳಭಾಗದಲ್ಲಿ ಗಾಯ ಮಾಡಿ ಬಟ್ಟೆಯ ಪ್ಯಾಕ್ ತುಂಬಿ ಒತ್ತಬಹುದು, ಇಲ್ಲವೇ ತೊಡೆಸಂದಿನ ರಕ್ತನಾಳದಿಂದ ತೂರಿಸಿದ ನಳಿಗೆಯ ಮೂಲಕ ಸೋರುತ್ತಿರುವ ಅಪಧಮನಿಯನ್ನು ಮುಚ್ಚಬಹುದು. ಪ್ಯಾಕ್ ತುಂಬಿದರೆ ಅದು ಒತ್ತಿ ಕೂರಲು ಗಟ್ಟಿ ಗೋಡೆ ಬೇಕು, ಅಲ್ವಾ? ಹೊರಗಿನ ಫಿಕ್ಸೇಟರ್, ಅಂದರೆ ಹೊರಗೆ ಹಾಕುವ ರಾಡ್, ಮೊದಲು ಬೆಲೆ ಬಾಳುವುದು ಇಲ್ಲೇ.

ರೋಗಿ ಈ ಸ್ಥಿತಿಯಲ್ಲಿದ್ದಾಗ "ಒಂದೇ ಸಲಕ್ಕೆ ಪ್ಲೇಟ್ ಹಾಕಿ ಮುಗಿಸಿಬಿಡಿ" ಅಂತ ಒತ್ತಾಯ ಮಾಡಬೇಡಿ. ತಣ್ಣಗಾದ ಮೈ, ಹೆಪ್ಪುಗಟ್ಟದ ರಕ್ತ, ರಕ್ತದಲ್ಲಿ ಆಮ್ಲ ಏರಿದ ಸ್ಥಿತಿ, ಇವುಗಳ ಮೇಲೆ ಉದ್ದದ ಆಪರೇಷನ್ ಮಾಡಿದರೆ ಪೆಲ್ವಿಸ್ ಸರಿಹೋಗಬಹುದು, ಮನುಷ್ಯ ಉಳಿಯದೆ ಹೋಗಬಹುದು.

ಹೆಜ್ಜೆ 3: ಹೊರಗಿನ ಫಿಕ್ಸೇಟರ್ ಏನು ಮಾಡುತ್ತದೆ, ಏನು ಮಾಡುವುದಿಲ್ಲ

ಚರ್ಮದಲ್ಲಿ ಚಿಕ್ಕ ಗಾಯ ಮಾಡಿ, ಎರಡೂ ಬದಿಯ ಮೂಳೆಗೆ ಉದ್ದನೆ ಪಿನ್ ತಿರುಗಿಸುತ್ತಾರೆ. ಹೊರಗೆ ಉಳಿದ ತುದಿಗಳನ್ನು ರಾಡ್ ಮತ್ತು ಕ್ಲಾಂಪ್‌ಗಳಿಂದ ಹೊಟ್ಟೆಯ ಮುಂದೆ ಜೋಡಿಸುತ್ತಾರೆ. ಪಿನ್ ಹಾಕಲು ಎರಡು ಜಾಗ ಇವೆ. ಸೊಂಟದ ಅಂಚಿನ ಮೇಲೆ ಹಾಕುವುದು ಬೇಗ ಆಗುತ್ತದೆ, ಎಕ್ಸ್‌ರೇ ಯಂತ್ರ ಇಲ್ಲದೆಯೂ ಹಾಕಬಹುದು, ಆದರೆ ಅಲ್ಲಿ ಮೂಳೆ ತೆಳು. ತೊಡೆಕೀಲಿನ ಗುಳಿಗೆ ತುಸು ಮೇಲೆ ಮೂಳೆ ದಪ್ಪ, ಹಿಡಿತ ಗಟ್ಟಿ. ಅಲ್ಲಿಗೆ ಹಾಕಲು ಸಿ-ಆರ್ಮ್ ಬೇಕು, ಯಾಕೆಂದರೆ ಪಿನ್ ಕೀಲಿನೊಳಗೆ ಹೋಗಬಾರದು.

ಇದರ ಬಲ ಮೂರು. ಬೇಗ ಆಗುತ್ತದೆ, ರಕ್ತ ಕಡಿಮೆ ಹೋಗುತ್ತದೆ, ಮುರಿತದ ಜಾಗವನ್ನು ತೆರೆಯಬೇಕಾಗಿಲ್ಲ. ಕರುಳು ಹರಿದು ಹೊಟ್ಟೆಯೊಳಗೆ ಮಲಿನವಾಗಿದ್ದರೆ, ಮುರಿತ ಚರ್ಮವನ್ನೋ ಗುದದ್ವಾರವನ್ನೋ ಯೋನಿಯನ್ನೋ ಸೀಳಿ ಹೊರಬಂದಿದ್ದರೆ, ಅಲ್ಲಿ ಪ್ಲೇಟ್ ಇಡುವುದು ನಂಜಿಗೆ ಮನೆ ಮಾಡಿಕೊಟ್ಟಂತೆ. ಅಂಥಲ್ಲಿ ಹೊರಗಿನದೇ ಮೇಲು.

ಈಗ ಮಿತಿ. ಹೊಟ್ಟೆಯ ಮುಂದಿರುವ ರಾಡ್ ಮುಂಭಾಗವನ್ನು ಹಿಡಿಯುತ್ತದೆ. ಹಿಂಭಾಗ ಪೂರ್ತಿ ಬಿಟ್ಟುಹೋಗಿದ್ದರೆ ಅದನ್ನು ಹಿಡಿಯಲು ಇದರಿಂದ ಆಗುವುದಿಲ್ಲ. ಟೈಲ್ ಸಿ ಮುರಿತವನ್ನು ಬರೀ ಮುಂದಿನ ರಾಡ್‌ನಿಂದ ನಿಲ್ಲಿಸಿದರೆ ಆ ಕಡೆ ನಿಧಾನಕ್ಕೆ ಮೇಲೆ ಸರಿದು, ಓರೆಯಾಗಿಯೇ ಕೂಡಿಕೊಳ್ಳುವ ಅಪಾಯ ಇದೆ. ಆಮೇಲೆ ಕಾಲು ಗಿಡ್ಡ ಆಗಬಹುದು, ಕೂತಾಗ ಒಂದು ಕಡೆ ಎತ್ತರ ಆಗಬಹುದು, ಬೆನ್ನಿನ ಕೆಳಗೆ ನೋವು ಉಳಿಯಬಹುದು. ಮೇಲೆ ಸರಿದಿರುವ ಮುರಿತಕ್ಕೆ ಕೆಲವೊಮ್ಮೆ ಆಪರೇಷನ್ ಆಗುವವರೆಗೆ ಕಾಲಿಗೆ ತೂಕ ಕಟ್ಟಿ ಎಳೆಯುತ್ತಾರೆ, ಅದು ಇದೇ ಕಾರಣಕ್ಕೆ. ಇನ್ನು ಪಕ್ಕದಿಂದ ಒತ್ತಿ ಒಳಕ್ಕೆ ಕುಸಿದ ಪೆಲ್ವಿಸ್‌ಗೆ ಮತ್ತೆ ಬಿಗಿದು ಒತ್ತಿದರೆ ಕುಸಿತ ಇನ್ನೂ ಜಾಸ್ತಿ ಆಗುತ್ತದೆ.

ತೊಂದರೆಗಳಲ್ಲಿ ದಿನಾ ಕಾಡುವುದು ಪಿನ್ ಬುಡದ ಸೋಂಕು ಮತ್ತು ಪಿನ್ ಸಡಿಲವಾಗುವುದು. ದಪ್ಪ ಮೈಯವರಿಗೆ ಇದು ಇನ್ನೂ ಕಷ್ಟ. ಕೂತಾಗ ಹೊಟ್ಟೆ ಮಡಿಚಿ ಪಿನ್‌ಗೆ ಒತ್ತುತ್ತದೆ. ಮಗ್ಗುಲಾಗಲು ಬರುವುದಿಲ್ಲ. ತೊಡೆಯ ಹೊರಬದಿ ಮರಗಟ್ಟುವುದೂ ಉಂಟು, ಅಲ್ಲಿ ಹೋಗುವ ಚರ್ಮದ ನರಕ್ಕೆ ಪಿನ್ ತಾಗಿರುತ್ತದೆ.

ಹೆಜ್ಜೆ 4: ಒಳಗೆ ಹಾಕುವುದು ಅಂದರೆ ಒಂದೇ ಆಪರೇಷನ್ ಅಲ್ಲ

"ಪ್ಲೇಟ್ ಹಾಕ್ತೀವಿ" ಅಂದಾಗ ಎಲ್ಲಿ ಅಂತ ಕೇಳಿ. ಸಿಂಫಿಸಿಸ್ ಬಿಟ್ಟುಕೊಂಡಿದ್ದರೆ ಹೊಟ್ಟೆಯ ಕೆಳಗೆ, ಸಿಸೇರಿಯನ್‌ಗೆ ಮಾಡುವಂಥದ್ದೇ ಅಡ್ಡ ಗಾಯ ಮಾಡಿ ಪ್ಲೇಟ್ ಕೂರಿಸುತ್ತಾರೆ. ಬೇರೆ ಕಾರಣಕ್ಕೆ ಹೊಟ್ಟೆ ತೆರೆದಿದ್ದು, ಒಳಗೆ ಮಲಿನ ಇಲ್ಲದೆ, ರೋಗಿಯೂ ಗಟ್ಟಿಯಾಗಿದ್ದರೆ ಅದೇ ಸಲಕ್ಕೆ ಇದನ್ನೂ ಮುಗಿಸಬಹುದು. ರೇಮಸ್ ಮುರಿದಿದ್ದರೆ ಕೆಲವೊಮ್ಮೆ ಮೂಳೆಯ ಉದ್ದಕ್ಕೂ ಒಂದು ಸ್ಕ್ರೂ ಸಾಕು.

ಹಿಂಭಾಗಕ್ಕೆ ಈಗ ಬಹಳ ಬಳಕೆಯಲ್ಲಿರುವುದು ಇಲಿಯೋಸೇಕ್ರಲ್ ಸ್ಕ್ರೂ. ಪಿರ್ರೆಯ ಪಕ್ಕದಲ್ಲಿ ಬೆರಳಗಲಕ್ಕಿಂತ ಚಿಕ್ಕ ಗಾಯ. ಅದರಿಂದ ಮೊದಲು ತೆಳು ತಂತಿಯನ್ನು ಇಲಿಯಮ್, ಅಂದರೆ ಪೆಲ್ವಿಸ್‌ನ ಪಕ್ಕದ ಅಗಲ ಮೂಳೆ, ದಾಟಿಸಿ ಸೇಕ್ರಮ್‌ನ ಮೊದಲ ಅಥವಾ ಎರಡನೇ ಭಾಗಕ್ಕೆ ಕಳಿಸುತ್ತಾರೆ. ಪ್ರತಿ ಸ್ವಲ್ಪ ದೂರಕ್ಕೂ ಸಿ-ಆರ್ಮ್ ತಿರುಗಿಸಿ ಮೂರು ಕೋನದಿಂದ ನೋಡುತ್ತಾರೆ. ತಂತಿ ಸರಿಯಾದ ಜಾಗದಲ್ಲಿದೆ ಅಂತ ಖಾತ್ರಿಯಾದ ಮೇಲೆ ಅದರ ಮೇಲೇ ಸುಮಾರು 7 ಮಿಲಿಮೀಟರ್ ದಪ್ಪದ, ನಡುವೆ ತೂತಿರುವ ಸ್ಕ್ರೂ ತಿರುಗಿಸುತ್ತಾರೆ. ಗಾಯ ಚಿಕ್ಕದು ಅಂತ ಕೆಲಸ ಸುಲಭ ಅಂದುಕೊಳ್ಳಬೇಡಿ. ಸೇಕ್ರಮ್‌ನ ಮುಂದೆ ಎಲ್5 ನರ, ತೂತುಗಳಲ್ಲಿ ಎಸ್1 ನರ, ಎರಡೂ ಬೆನ್ನುಮೂಳೆಯಿಂದ ಕಾಲಿಗೆ ಇಳಿಯುವ ನರಗಳು. ಕೆಲವು ಮಿಲಿಮೀಟರ್ ಆಚೀಚೆ ಆದರೆ ಪಾದ ಎತ್ತಲು ಬರದೆ ಹೋಗಬಹುದು. ಕೆಲವರ ಸೇಕ್ರಮ್‌ನ ಆಕಾರ ಹುಟ್ಟಿನಿಂದಲೇ ಬೇರೆ ಇರುತ್ತದೆ, ಮೊದಲ ಭಾಗದಲ್ಲಿ ಸ್ಕ್ರೂಗೆ ದಾರಿಯೇ ಇರುವುದಿಲ್ಲ. ಆಪರೇಷನ್‌ಗೆ ಮುಂಚೆ ಸಿಟಿ ಬೇಕೇ ಬೇಕು ಅನ್ನುವುದಕ್ಕೆ ಇದೂ ಒಂದು ಕಾರಣ.

ಅದಕ್ಕೇ ನನ್ನ ಒಂದು ಒತ್ತಾಯ: ಆಪರೇಷನ್‌ಗೆ ಮುಂಚೆ ರೋಗಿ ಎರಡೂ ಪಾದ, ಹೆಬ್ಬೆರಳು ಎತ್ತುತ್ತಾರಾ, ಸ್ಪರ್ಶ ಗೊತ್ತಾಗುತ್ತದಾ ಅಂತ ಕೇಸ್ ಶೀಟಿನಲ್ಲಿ ಬರೆದಿದ್ದಾರಾ ಕೇಳಿ. ನರಕ್ಕೆ ಪೆಟ್ಟು ಅಪಘಾತದಲ್ಲೇ ಆಗಿರುವುದು ಬಹಳ. ಮೊದಲೇ ಬರೆದಿಟ್ಟರೆ ಆಮೇಲಿನ ಬದಲಾವಣೆ ಬೇಗ ಗೊತ್ತಾಗುತ್ತದೆ, ಬೇಡದ ಜಗಳವೂ ತಪ್ಪುತ್ತದೆ.

ಸೇಕ್ರಮ್ ತುಂಬಾ ಪುಡಿಯಾಗಿದ್ದರೆ ಸೊಂಟದ ಬೆನ್ನೆಲುಬಿನಿಂದ ಇಲಿಯಮ್‌ವರೆಗೆ ರಾಡ್ ಹಾಕಿ ಬಿಗಿಯುವ ದೊಡ್ಡ ಆಪರೇಷನ್ ಬೇಕಾಗಬಹುದು. ಹಿಡಿತ ಬಹಳ ಗಟ್ಟಿ, ಆದರೆ ಬೆನ್ನಿನ ಗಾಯ ದೊಡ್ಡದು, ಸೋಂಕಿನ ಭಯವೂ ಜಾಸ್ತಿ. ಚರ್ಮದಡಿಯ ಕೊಬ್ಬು ಮಾಂಸದಿಂದ ಕಳಚಿ ಒಳಗೆ ರಕ್ತ, ನೀರು ತುಂಬಿದ್ದರೆ ತೆರೆದ ಆಪರೇಷನ್‌ಗೆ ಆ ಜಾಗ ಇನ್ನೂ ಅಪಾಯ. ತೊಡೆಯ ಪಕ್ಕ ಅಥವಾ ಸೊಂಟದ ಹಿಂದೆ ಚರ್ಮ ತುಳುಕಾಡುತ್ತಿದ್ದರೆ ಡಾಕ್ಟರ ಗಮನಕ್ಕೆ ತನ್ನಿ.

ನಡುದಾರಿಯೊಂದೂ ಇದೆ. ಇನ್‌ಫಿಕ್ಸ್ ಅನ್ನುತ್ತಾರೆ. ಎರಡೂ ಕಡೆ ದಪ್ಪ ಸ್ಕ್ರೂ, ಅವುಗಳ ನಡುವೆ ಬಾಗಿದ ರಾಡ್, ಎಲ್ಲ ಚರ್ಮದ ಅಡಿಯಲ್ಲೇ. ಪಿನ್ ಬುಡದ ಸೋಂಕಿನ ಗೋಳು ತಪ್ಪುತ್ತದೆ. ಆದರೆ ತೊಡೆ ಮರಗಟ್ಟುವ ತೊಂದರೆ ಇದರಲ್ಲೂ ಇದೆ, ಅಪರೂಪಕ್ಕೆ ತೊಡೆಯ ದೊಡ್ಡ ನರವೂ ಒತ್ತಿಕೊಳ್ಳುತ್ತದೆ. ತೆಗೆಯಲು ಮತ್ತೊಂದು ಆಪರೇಷನ್ ಆಗಬೇಕು.

ಹೆಜ್ಜೆ 5: ಈಗ ಎರಡನ್ನೂ ತೂಗಿ ನೋಡಿ

ಮೂಳೆಯನ್ನು ಮೊದಲಿನ ಜಾಗಕ್ಕೆ ತಂದು, ಅಲ್ಲೇ ಹಿಡಿದಿಡುವುದರಲ್ಲಿ ಒಳಗಿನದು ಮುಂದೆ. ಕೂರುವುದು, ಮಗ್ಗುಲಾಗುವುದು, ಶೌಚಕ್ಕೆ ಹೋಗುವುದು, ಬಟ್ಟೆ ಹಾಕಿಕೊಳ್ಳುವುದು ಎಲ್ಲದರಲ್ಲೂ ಒಳಗಿನದೇ ಆರಾಮ. ಬೇಗ ಮಾಡುವುದರಲ್ಲಿ, ಸಾಯುವಂತಿರುವ ರೋಗಿಗೆ, ಮಲಿನವಾದ ಗಾಯಕ್ಕೆ ಹೊರಗಿನದು ಮುಂದೆ. ತೆಗೆಯುವುದೂ ಸುಲಭ, ಸಾಮಾನ್ಯವಾಗಿ ಹೊರರೋಗಿ ವಿಭಾಗದಲ್ಲೇ ಬಿಚ್ಚುತ್ತಾರೆ.

ಹಿಂಭಾಗ ಪೂರ್ತಿ ಸಡಿಲ ಇದೆ, ರೋಗಿ ಸುಧಾರಿಸಿದ್ದಾರೆ, ಚರ್ಮ ಚೆನ್ನಾಗಿದೆ. ಆಗಲೂ ಮುಂದಿನ ರಾಡ್ ಒಂದೇ ಸಾಕು ಅಂದರೆ ಯಾಕೆ ಅಂತ ಕೇಳಲೇಬೇಕು. ಕಾರಣ ಇರಬಹುದು, ಇಲ್ಲದೆಯೂ ಇರಬಹುದು. ಹಿಂದೆ ಸ್ಕ್ರೂ, ಮುಂದೆ ಹೊರಗಿನ ರಾಡ್ ಅನ್ನುವ ಜೋಡಿಯೂ ಬೇಕಾದಷ್ಟು ಬಳಕೆಯಲ್ಲಿದೆ. ಮೂತ್ರಕೋಶಕ್ಕೆ ಪೆಟ್ಟಾಗಿ ಹೊಟ್ಟೆಯ ಕೆಳಗಿನಿಂದ ಮೂತ್ರದ ನಳಿಗೆ (ಕ್ಯಾತಿಟರ್) ಹಾಕಿರುವಾಗ ಅಲ್ಲೇ ಪಕ್ಕದಲ್ಲಿ ಪ್ಲೇಟ್ ಇಡಲು ಹಲವು ಸರ್ಜನ್‌ಗಳು ಹಿಂಜರಿಯುತ್ತಾರೆ, ಸೋಂಕು ದಾಟೀತು ಅಂತ. ಆಗ ಈ ಜೋಡಿ ಅನುಕೂಲ.

ವಯಸ್ಸಾದವರ ವಿಷಯ ಬೇರೆ. ಸುಮ್ನೆ ಜಾರಿ ಬಿದ್ದು ಆದ ಮುರಿತಗಳಲ್ಲಿ ಎಷ್ಟೋ ಆಪರೇಷನ್ ಇಲ್ಲದೆ, ನೋವಿನ ಔಷಧ ಮತ್ತು ವಾಕರ್‌ನಿಂದ ಗುಣವಾಗುತ್ತವೆ. ಎದ್ದು ನಿಲ್ಲಲೂ ಬಿಡದ ನೋವು ಕೆಲವು ದಿನವಾದರೂ ಇಳಿಯದಿದ್ದರೆ ಸೇಕ್ರಮ್ ನೋಡಲು ಸಿಟಿ ಅಥವಾ ಎಂಆರ್‌ಐ ಬೇಕು, ಆಮೇಲೆ ಸ್ಕ್ರೂ ಬಗ್ಗೆ ಯೋಚಿಸುತ್ತಾರೆ. ಟೊಳ್ಳಾದ ಮೂಳೆಯಲ್ಲಿ ಹೊರಗಿನ ಪಿನ್ ಬೇಗ ಸಡಿಲವಾಗುತ್ತದೆ. ಒಳಗಿನ ಸ್ಕ್ರೂಗೂ ಹಿಡಿತ ಕಮ್ಮಿ, ಅದಕ್ಕೆ ಕೆಲವೊಮ್ಮೆ ಮೂಳೆ ಸಿಮೆಂಟ್ ಸೇರಿಸುತ್ತಾರೆ.

ಹೆಜ್ಜೆ 6: ಸಹಿ ಹಾಕುವ ಮುಂಚೆ ಕೇಳುವುದು

ಪ್ರಶ್ನೆಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಆತಂಕದಲ್ಲಿ ನೆನಪಾಗುವುದಿಲ್ಲ.

- ಮುರಿತ ತಿರುಗುವಂಥದ್ದಾ, ಮೇಲಕ್ಕೂ ಸರಿಯುವಂಥದ್ದಾ? ಹಿಂಭಾಗಕ್ಕೆ ಏನು ಮಾಡುತ್ತೀರಿ?
- ಈಗ ಹಾಕುವುದು ತಾತ್ಕಾಲಿಕವಾ, ಇದೇ ಕೊನೆಯದಾ? ತಾತ್ಕಾಲಿಕವಾದರೆ ಮುಂದಿನ ಆಪರೇಷನ್ ಯಾವಾಗ?
- ಮೂತ್ರನಾಳ, ಮೂತ್ರಕೋಶ, ಗುದದ್ವಾರ ಪರೀಕ್ಷೆ ಮಾಡಿದ್ದೀರಾ?
- ಈ ಸ್ಕ್ರೂ ಆಪರೇಷನ್ ಇಲ್ಲಿ ಆಗಾಗ ಮಾಡುತ್ತಾರಾ, ಬೇರೆ ಕಡೆ ಕಳಿಸುವುದು ಒಳ್ಳೆಯದಾ?

ಕೊನೆಯದನ್ನು ಕೇಳಲು ಸಂಕೋಚ ಬೇಡ. ಪೆಲ್ವಿಸ್ ಆಪರೇಷನ್ ಎಲ್ಲ ಮೂಳೆ ಡಾಕ್ಟರೂ ದಿನಾ ಮಾಡುವ ಕೆಲಸ ಅಲ್ಲ. ಆದರೆ ಕಾಯಲು ಮಿತಿ ಇದೆ. ಸುಮಾರು 3 ವಾರ ಕಳೆದರೆ ಮುರಿತದ ಸುತ್ತ ಹೊಸ ಮೂಳೆ ಕಟ್ಟಲು ಶುರುವಾಗಿ, ಸರಿದದ್ದನ್ನು ಜಾಗಕ್ಕೆ ತರುವುದು ತುಂಬಾ ಕಷ್ಟ ಆಗುತ್ತದೆ. ಬೇರೆ ಆಸ್ಪತ್ರೆಗೆ ಹೋಗುವುದಾದರೆ ರೋಗಿ ಪ್ರಯಾಣಕ್ಕೆ ಗಟ್ಟಿಯಾದ ಕೂಡಲೇ ಹೊರಡಿ.

ಹೆಜ್ಜೆ 7: ಆಪರೇಷನ್ ಆದ ಮೇಲೆ

ಪಿನ್ ಇದ್ದರೆ ಪ್ರತಿ ಪಿನ್‌ಗೂ ಬೇರೆ ಹತ್ತಿ ತೆಗೆದುಕೊಳ್ಳಿ. ಆಸ್ಪತ್ರೆಯವರು ಹೇಳಿದ ದ್ರಾವಣದಿಂದಲೇ ಬುಡ ಒರೆಸಿ. ತಿಳಿ ನೀರಿನಂಥದ್ದು ಸ್ವಲ್ಪ ಸೋರುವುದು ಸಹಜ. ಕೆಂಪಾಗಿ ಊದಿಕೊಂಡರೆ, ಕೀವು ಬಂದರೆ, ಮುಟ್ಟಿದರೆ ಪಿನ್ ಅಲ್ಲಾಡಿದರೆ ತೋರಿಸಿ. ರಾಡ್ ಹಿಡಿದು ರೋಗಿಯನ್ನು ಎತ್ತಬೇಡಿ. ಹಿಡಿಯಲು ಅನುಕೂಲ ಅಂತ ಕಾಣುತ್ತದೆ, ಆದರೆ ಪಿನ್ ಸಡಿಲವಾಗುವುದು ಹೀಗೇ. ಹೊರಗಿನದೇ ಕೊನೆಯ ಚಿಕಿತ್ಸೆ ಆಗಿದ್ದರೆ ಸಾಮಾನ್ಯವಾಗಿ 6 ರಿಂದ 12 ವಾರ ಇಡುತ್ತಾರೆ.

ಒಳಗೆ ಗಟ್ಟಿಯಾಗಿ ಹಾಕಿದ್ದಾರೆ ಅಂತ ಎದ್ದು ನಡೆಯಲು ಆಗುವುದಿಲ್ಲ. ಹಿಂಭಾಗ ಮುರಿದ ಕಡೆಯ ಕಾಲಿಗೆ 6 ರಿಂದ 12 ವಾರ ಪೂರ್ತಿ ಭಾರ ಹಾಕಬೇಡಿ ಅನ್ನುವುದು ರೂಢಿ. ಎರಡೂ ಕಡೆ ಮುರಿದಿದ್ದರೆ ಅಷ್ಟು ದಿನ ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಹಾಸಿಗೆಗೆ, ಅಷ್ಟೇ.

ಪೆಲ್ವಿಸ್ ಮುರಿತದಲ್ಲಿ ಕಾಲಿನ ಸಿರೆಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಬಹಳ ಜಾಸ್ತಿ. ಹೆಪ್ಪು ತಡೆಯುವ ಇಂಜೆಕ್ಷನ್ ಅಥವಾ ಮಾತ್ರೆಯನ್ನು ಡಿಸ್ಚಾರ್ಜ್ ಆದ ಮೇಲೂ ಹೇಳಿದಷ್ಟು ದಿನ ಬಿಡದೆ ಕೊಡಿ. ಒಂದೇ ಕಾಲು ಊದಿಕೊಂಡರೆ, ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಎದೆ ಚುಚ್ಚಿದರೆ ಬೆಳಗಾಗಲಿ ಅಂತ ಕಾಯದೆ ತುರ್ತು ವಿಭಾಗಕ್ಕೆ ಹೋಗಿ. ಬೀಡಿ, ಸಿಗರೇಟು ಮೂಳೆ ಕೂಡುವುದನ್ನು ನಿಧಾನ ಮಾಡುತ್ತವೆ, ಬಿಡಲೇಬೇಕು.

ಯಾರೂ ಬಾಯಿಬಿಟ್ಟು ಕೇಳದ ವಿಷಯ ಒಂದಿದೆ. ಮೂತ್ರ ತಡೆದುಕೊಳ್ಳಲು ಆಗದಿರುವುದು, ಗಂಡಸರಲ್ಲಿ ಉದ್ರೇಕದ ತೊಂದರೆ, ಹೆಂಗಸರಲ್ಲಿ ಮಿಲನದ ಹೊತ್ತಿನ ನೋವು, ಇವೆಲ್ಲ ಈ ಮುರಿತದ ಜೊತೆ ಬರಬಹುದು, ಒಳಗೋ ಹೊರಗೋ ಯಾವುದು ಹಾಕಿದರೂ. ನಾಚಿಕೊಂಡು ಸುಮ್ಮನಿದ್ದರೆ ಚಿಕಿತ್ಸೆ ತಡವಾಗುತ್ತದೆ. ಮೂಳೆ ಡಾಕ್ಟರೇ ಮೂತ್ರರೋಗ ತಜ್ಞರ ಹತ್ತಿರ ಕಳಿಸುತ್ತಾರೆ.

ಪ್ಲೇಟ್ ತೆಗೆಸಬೇಕಾ ಅಂತ ಬಹಳ ಜನ ಕೇಳುತ್ತಾರೆ. ತೊಂದರೆ ಇಲ್ಲದಿದ್ದರೆ ಸಾಮಾನ್ಯವಾಗಿ ಬೇಡ. ಸಿಂಫಿಸಿಸ್ ನಡೆಯುವಾಗ ಸ್ವಲ್ಪ ಅಲ್ಲಾಡುವ ಜಾಗ. ಹಾಗಾಗಿ ಮುಂದೆ ಯಾವತ್ತೋ ತೆಗೆದ ಎಕ್ಸ್‌ರೇಯಲ್ಲಿ ಅಲ್ಲಿನ ಪ್ಲೇಟ್ ಮುರಿದಿರುವುದೋ ಸ್ಕ್ರೂ ಸಡಿಲವಾಗಿರುವುದೋ ಕಂಡರೆ ಗಾಬರಿ ಬೇಡ. ನೋವಿಲ್ಲದೆ, ಸಂದು ಮತ್ತೆ ಬಿಟ್ಟುಕೊಳ್ಳದೆ ಇದ್ದರೆ ಹಾಗೇ ಬಿಡುವುದೇ ಹೆಚ್ಚು. ಮುಂದೆ ಮಕ್ಕಳಾಗಬೇಕು ಅನ್ನುವವರು ಗರ್ಭ ನಿಲ್ಲುವ ಮುಂಚೆಯೇ ಮೂಳೆ ಡಾಕ್ಟರನ್ನೂ ಹೆರಿಗೆ ಡಾಕ್ಟರನ್ನೂ ಒಮ್ಮೆ ಕಾಣುವುದು ಒಳ್ಳೆಯದು. ಪ್ಲೇಟ್ ಇದ್ದೂ ಸಹಜ ಹೆರಿಗೆ ಆದವರು ಇದ್ದಾರೆ, ಹಾಗಾಗಿ ಪ್ಲೇಟ್ ಇದೆ ಅನ್ನುವ ಒಂದೇ ಕಾರಣಕ್ಕೆ ಸಿಸೇರಿಯನ್ ಅಂತ ಮೊದಲೇ ತೀರ್ಮಾನ ಮಾಡಬೇಕಾಗಿಲ್ಲ.